ದುರಂತ ನಾಯಕಿಯ ಕ್ಯಾಸೆಟ್ಟು

ಅಮೆರಿಕದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಆ ಮನೆಯಲ್ಲಿ ಬೆಳಕು ಹರಿಯುವ ಮೊದಲು ಸರಳಾ ಮುಗಿಸಬೇಕಾದ ಕೆಲಸಗಳು ಇವು: ಡಿಷ್‌ವಾಷರ್ ಖಾಲಿ ಮಾಡುವುದು, ಡಿಕಾಕ್ಷನ್ ಇಳಿಸುವುದು, ಗಂಡ ಪದ್ಮನಾಭನ ಡಬ್ಬಿಗೆ ಚಪಾತಿ ಪಲ್ಯ, ಮಗ ಋಷಿಯ ಡಬ್ಬಿಗೆ ಯಾವ ವಾಸನೆಯೂ ಬಾರದ ಸ್ಯಾಂಡ್‌ವಿಚ್, ಮಗಳು ಇಂಚರಳಿಗೆ ಎರಡು ಜಡೆ, ಡ್ರೈಯರಿನಿಂದ ಬಟ್ಟೆ ತೆಗೆದು ಕಾಲುಚೀಲಗಳಿಗೆ ಜೋಡಿ ಹುಡುಕುವುದು, ಮನೆ ಮುಂದಿನ ಡ್ರೈವ್‌ವೇ ಮೇಲಿನ ಹಿಮ ತಳ್ಳುವುದು. ಹಿಮ ತಳ್ಳುವುದು ಮಾತ್ರ ಪದ್ಮನಾಭನ ಪಾಲಿನ ಕೆಲಸ. ಅದಕ್ಕಾಗಿ ಅವನನ್ನು ಎಬ್ಬಿಸುವುದು ಸರಳಾಳ ಪಾಲಿನದು.

ಆ ಚಳಿಗಾಲ ಇವುಗಳ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು: ದುರಂತ ನಾಟಕ.

ಸರಳಾ ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಪಿಯು ಕಾಲೇಜಿನಲ್ಲಿ ಪಾಠ ಹೇಳಿದವಳು. ಇಲ್ಲಿ ಟೀಚರಾಗಬೇಕೆಂದು ಊರಿನ ಕಾಲೇಜಿಗೆ ಹೋದಾಗ ಕೌಂಟರಿನಾಕೆ ಆ ಡಿಗ್ರಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತುಂಬಾ ಚೆನ್ನಾಗಿದೆ, ಆದರೆ ಸಾಹಿತ್ಯದ ಮೊದಲ ಪಾಠದಿಂದ ಶುರು ಮಾಡಿ ಎಂದಿದ್ದಳು. ಹಾಗಾಗಿ ನಲವತ್ತರ ಹೊಸ್ತಿಲಲ್ಲಿ ಅವಳು ಕಮ್ಯೂನಿಟಿ ಕಾಲೇಜಿನ ವಿಡಿಯೋ ಪಾಠಗಳನ್ನು ಬಟ್ಟೆ ಮಡಿಸುತ್ತ ನೋಡಿದಳು. ಕಥೆ ಎಂದರೇನು, ಕವಿತೆ ಎಂದರೇನು, ವಿಮರ್ಶೆ ಯಾಕೆ ಬೇಕು ಎಂದು ಹದಿನೆಂಟರ ಮಕ್ಕಳಿಗೆ ಹೇಳುವುದನ್ನೆಲ್ಲ ಮತ್ತೆ ಕೇಳಿಸಿಕೊಂಡಳು. ಈಗ ಕೊನೆಯ ಪರೀಕ್ಷೆ. ದುರಂತ ನಾಟಕದ ಬಗ್ಗೆ ಹತ್ತು ನಿಮಿಷ ಮಾತಾಡಿ ಕ್ಯಾಸೆಟ್ಟು ಕಳಿಸಬೇಕು. ಪಾಸಾದರೆ ಟೀಚರ್ ತರಬೇತಿಗೆ ಸೀಟು. ಇಲ್ಲವಾದರೆ ಇನ್ನೊಂದು ವರ್ಷ ಕಾಲುಚೀಲ.

"ಹತ್ತು ನಿಮಿಷ ತಾನೇ? ಒಂದು ಕ್ಲಾಸ್ ತುಂಬ ಹುಡುಗರ ಬಾಯಿ ಮುಚ್ಚಿಸಿದವಳು ನಾನು. ನಾಳೆ ಐದಕ್ಕೆ ಎದ್ದು ಒಂದೇ ಉಸಿರಿಗೆ ಮುಗಿಸ್ತೀನಿ, ನೋಡ್ತಿರಿ," ಎಂದಳು.

"ಮಾಡು ಮಾಡು. ನನ್ನಿಂದ ಏನು ಹೆಲ್ಪ್ ಬೇಕಾದ್ರೂ ಕೇಳು," ಎಂದ ಪದ್ಮನಾಭ ಕಂಬಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ.

ಅಮೆರಿಕದ ಅಡುಗೆಮನೆಗೆ ಬಾಗಿಲಿರುವುದಿಲ್ಲ. ಈ ಸಣ್ಣ ಸಂಗತಿಯನ್ನು ಸರಳಾ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಟೇಪ್ ರೆಕಾರ್ಡರನ್ನು ಕೌಂಟರಿನ ಮೇಲಿಟ್ಟು, ಗುಂಡಿ ಒತ್ತಿ, ಕಾಲೇಜಿನ ಗಂಭೀರ ದನಿಯಲ್ಲಿ ಇಂಗ್ಲಿಷಿನಲ್ಲಿ ಶುರು ಮಾಡಿದಳು: "ದುರಂತ ನಾಯಕ ಕೆಟ್ಟವನಲ್ಲ. ಅವನಲ್ಲಿ ಒಂದೇ ಒಂದು ದೋಷವಿರುತ್ತದೆ. ಅದು ಅವನ ಕಣ್ಣಿಗೆ ಗುಣದಂತೆಯೇ ಕಾಣುತ್ತದೆ..."

"ಸರಳಾ, ನನ್ನ ಬ್ಯಾಡ್ಜ್ ನೋಡಿದ್ಯಾ?"

"ಬಂದೆ."

ಬ್ಯಾಡ್ಜು ಅವನ ಕೊರಳಲ್ಲೇ ಇತ್ತು. ಅವಳು ಮರಳಿ ಬಂದು, ನಾಯಕನನ್ನು ಸಿಂಹಾಸನದಿಂದ ಇನ್ನೇನು ಇಳಿಸಬೇಕು.

"ಅಮ್ಮಾ, ವೇರ್ ಈಸ್ ಮೈ ಜಿಮ್ ಬ್ಯಾಗ್?"

"ಬಂದೆ ಕಣೋ."

"ಸರಳಾ, ಉಪ್ಪಿಟ್ಟಿಗೆ ಉಪ್ಪು ಕಮ್ಮಿ. ಉಪ್ಪು ಎಲ್ಲಿ?"

"ನಿಮ್ಮೆದುರಿಗೇ ಇದೆ ರೀ."

"ಎಲ್ಲಿ ಎದುರಿಗೆ?"

"ಬಂದೆ."

"ಸಿಕ್ತು ಸಿಕ್ತು. ಇಲ್ಲೇ ಇತ್ತು. ಸರಳಾ, ಸಿಕ್ತು ಅಂದೆ, ಕೇಳಿಸ್ತಾ?"

ರಾಜ್ಯ ಕಳೆದುಕೊಂಡ ನಾಯಕ ಅರ್ಧದಾರಿಯಲ್ಲೇ ನಿಂತ. ರೆಕಾರ್ಡರ್ ಮಾತ್ರ ನಿಂತಿರಲಿಲ್ಲ. ಓಡುವ ಗಡಿಬಿಡಿಯಲ್ಲಿ ಅವಳು ಗುಂಡಿಯನ್ನೇ ಮರೆತಿದ್ದಳು. ಬ್ಯಾಡ್ಜು, ಬ್ಯಾಗು, ಉಪ್ಪು ಎಲ್ಲವೂ ದುರಂತ ನಾಟಕದ ಒಳಗೆ ಹೋಗಿ ಕೂತಿದ್ದವು.

ಮರುದಿನ ಅವಳು ಕೋಟು ನೇತುಹಾಕುವ ಕ್ಲಾಸೆಟ್ಟಿನೊಳಗೆ ಹೊಕ್ಕು, ಕಗ್ಗತ್ತಲಲ್ಲಿ ಬೂಟುಗಳ ಮೇಲೆ ಕೂತು, ಹೊಸ ಕ್ಯಾಸೆಟ್ಟಿನಲ್ಲಿ ಹತ್ತು ನಿಮಿಷವನ್ನೂ ಸರಾಗವಾಗಿ ಮುಗಿಸಿದಳು. ಅದರ ಮೇಲೆ 'ಟ್ರ್ಯಾಜೆಡಿ' ಎಂದು ದಪ್ಪಗೆ ಬರೆದು ಫ್ರಿಜ್ಜಿನ ಮೇಲಿಟ್ಟಳು. ಸ್ಟ್ಯಾಂಪ್ ಹಚ್ಚಿದ ಕವರು ಕೌಂಟರಿನ ಮೇಲಿತ್ತು. ಕೆಟ್ಟುಹೋದ ಕ್ಯಾಸೆಟ್ಟೂ ಅಲ್ಲೇ ಬಿದ್ದಿತ್ತು. ಅಷ್ಟರಲ್ಲಿ ಇಂಚರ ಕರೆದಳು. ಸರಳಾ ಹೋದಳು.

ಸಂಜೆ ಬಂದು ನೋಡಿದರೆ ಕವರಿಲ್ಲ.

"ನಾನೇ ಪೋಸ್ಟ್ ಮಾಡಿದೆ," ಎಂದ ಪದ್ಮನಾಭ. "ಹೆಲ್ಪ್ ಮಾಡಲ್ಲ ಅಂತೀಯಲ್ಲ ಯಾವಾಗ್ಲೂ."

"ಯಾವ ಕ್ಯಾಸೆಟ್ಟು ಹಾಕಿದ್ರಿ?"

"ಕವರ್ ಪಕ್ಕ ಇತ್ತಲ್ಲ, ಅದು."

"ಮತ್ತೆ ಫ್ರಿಜ್ ಮೇಲಿದ್ದಿದ್ದು?"

"ಅದು ಖಾಲಿ ಅಲ್ವಾ? ಕನ್ನಡ ಕೂಟದ ಪ್ರೋಗ್ರಾಮ್‌ಗೆ ನನ್ನ ಹಾಡು ಪ್ರಾಕ್ಟೀಸ್ ಮಾಡಿ ಅದ್ರಲ್ಲಿ ರೆಕಾರ್ಡ್ ಮಾಡ್ಕೊಂಡೆ. ಕೇಳ್ತೀಯಾ? ಚರಣದಲ್ಲಿ ಸ್ವಲ್ಪ ಶ್ರುತಿ ಹೋಗಿದೆ."

"ಮೇಲೆ ಟ್ರ್ಯಾಜೆಡಿ ಅಂತ ಬರೆದಿರಲಿಲ್ವೇನ್ರೀ?"

"ನನ್ನ ಹಾಡಿನ ಬಗ್ಗೆ ಬರೆದಿದೀಯ ಅಂದ್ಕೊಂಡೆ."

ಸರಳಾಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಎರಡಕ್ಕೂ ಪುರುಸೊತ್ತಾಗಲಿಲ್ಲ.

ಮುಂದಿನ ವಾರ ಆನ್ಸರಿಂಗ್ ಮೆಷಿನ್ನಿನಲ್ಲಿ ಪ್ರೊಫೆಸರರ ದನಿ. ಸಂಸಾರವೆಲ್ಲ ಊಟದ ಮೇಜಿನ ಸುತ್ತ ಕೂತು ಕೇಳಿತು. ನಾನು ಉಪನ್ಯಾಸ ಕೇಳಿದರೆ ನೀವು ನಾಟಕವನ್ನೇ ಕಳಿಸಿದ್ದೀರಿ, ಹೊಸತನ ಮೆಚ್ಚಿದೆ, ನಿಮ್ಮ ನಟರು ಸಮರ್ಥರು ಎಂದರು ಅವರು. "ಆದರೆ ಗಂಡನ ಪಾತ್ರ ನಂಬುವಂತಿಲ್ಲ. ಪರಭಾಷೆಯಾದರೂ ದೃಶ್ಯ ನನಗೆ ಅರ್ಥವಾಯಿತು. ಎದುರಿಗಿರುವುದನ್ನು ಯಾವ ಗಂಡಸೂ ಅಷ್ಟು ಹೊತ್ತು ಹುಡುಕುವುದಿಲ್ಲ. ಇನ್ನು ಮುಖ್ಯವಾದದ್ದು, ನಿಮ್ಮ ನಾಯಕಿಯ ದೋಷ ಯಾವುದು? ಅದನ್ನು ಹೇಳಲೇ ಇಲ್ಲ. ಸೋಮವಾರ ಬೆಳಗ್ಗೆ ಎಂಟರೊಳಗೆ ಹೊಸ ಕ್ಯಾಸೆಟ್ಟು ಬರದಿದ್ದರೆ ಪಾಸು ಮಾಡಲಾರೆ."

"ಕೇಳಿದ್ಯಾ? ನಟ ಅಂದ್ರು ನನ್ನ," ಎಂದ ಪದ್ಮನಾಭ.

"ಡ್ಯಾಡ್, ಹೀ ಸೆಡ್ ನೋಬಡಿ ವುಡ್ ಬಿಲೀವ್ ಯೂ," ಎಂದ ಋಷಿ.

ಎಲ್ಲರೂ ನಕ್ಕರು. ಸರಳಾ ತಟ್ಟೆ ಎತ್ತಿದಳು. ತನ್ನ ದಿನನಿತ್ಯದ ಬೆಳಗನ್ನು ಕಲಿತವರೊಬ್ಬರು ಉತ್ಪ್ರೇಕ್ಷೆ ಎಂದಿದ್ದರು. ಎಂ.ಎ. ಮಾಡಿದವಳಿಗೆ ತನ್ನ ದೋಷ ಯಾವುದೆಂದು ಹೊಳೆದಿರಲಿಲ್ಲ.

ಹತ್ತಿರದ ಸ್ಕೋಕಿ ಎಂಬ ಊರಿನ ಗೆಳತಿ ದಿಲ್‌ಶಾದ್‌ಳಿಗೆ ಫೋನ್ ಮಾಡಿ ಹೇಳಿಕೊಂಡಳು. ಹುಬ್ಬಳ್ಳಿಯ ದಿಲ್‌ಶಾದ್ ಇಲ್ಲೇ ನರ್ಸಿಂಗ್ ಓದಿದವಳು. "ಸರಳಕ್ಕಾ, ಮನ್ಯಾಗ ಕೂತು ಮಾತಾಡಿದ್ರ ಯಾರ್ ಬಿಡ್ತಾರ? ನಾ ಪರೀಕ್ಷಾಕ್ಕ ಕಾರಿನ್ಯಾಗ ಕೂತ ಓದಿದ್ನಿ. ಕಾರಿನ್ಯಾಗ ಉಪ್ಪು ಕೇಳವ್ರು ಯಾರೂ ಇರೂದಿಲ್ಲ."

ಸೋಮವಾರ ಬೆಳಕು ಹರಿಯುವ ಮೊದಲು ಸರಳಾ ಡಿಷ್‌ವಾಷರ್ ತೆರೆಯಲಿಲ್ಲ. ಡಿಕಾಕ್ಷನ್ ಇಳಿಸಲಿಲ್ಲ. ಕಾರಿನ ಗಾಜಿನ ಮೇಲಿನ ಹಿಮ ಕೆರೆದು, ಕಾಲೇಜಿನ ಪಾರ್ಕಿಂಗ್ ಲಾಟಿಗೆ ಹೋಗಿ, ಎಂಜಿನ್ ನಿಲ್ಲಿಸಿ, ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡಳು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ಎಲ್ಲವೂ ಹೆಪ್ಪುಗಟ್ಟುವ ಚಳಿ. ವಿಶಾಲವಾದ ಲಾಟಿನಲ್ಲಿ ಅವಳದೊಂದೇ ಕಾರು.

"ದುರಂತ ನಾಯಕಿ ಕೆಟ್ಟವಳಲ್ಲ," ಎಂದಳು. ಆಮೇಲೆ ಕಾದಳು. ಯಾರೂ ಕರೆಯಲಿಲ್ಲ. "ಅವಳಲ್ಲಿ ಒಂದೇ ಒಂದು ದೋಷವಿರುತ್ತದೆ." ಮತ್ತೆ ಕಾದಳು. ವಾಕ್ಯ ಮುಗಿದ ಕೂಡಲೇ ಕಿವಿ, ಮನೆಯವರ ಕರೆ ಇಳಿದುಬರುವ ಮೆಟ್ಟಿಲ ಕಡೆಗೆ ಹೋಗುತ್ತಿತ್ತು. ಇಲ್ಲಿ ಮೆಟ್ಟಿಲೇ ಇರಲಿಲ್ಲ. ಇಷ್ಟು ವರ್ಷ ಬೇಡಿಕೊಂಡ ನಿಶ್ಶಬ್ದ ಎದುರಿಗೆ ಕೂತಿದ್ದರೆ, ಅದರ ಜೊತೆ ಏನು ಮಾತಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. "ಅದು ಅವಳ ಕಣ್ಣಿಗೆ ಗುಣದಂತೆಯೇ ಕಾಣುತ್ತದೆ. ಆ ದೋಷ ಯಾವುದೆಂದರೆ..."

ಪಕ್ಕದ ಸೀಟಿನಲ್ಲಿ ಸೆಲ್‌ಫೋನ್ ಹೊಡೆದುಕೊಂಡಿತು. ಪುಟ್ಟ ಪರದೆಯ ಮೇಲೆ ಮನೆಯ ನಂಬರು.

"ಬಂದೆ," ಎಂದಳು ಸರಳಾ.

ಫೋನನ್ನು ಅವಳಿನ್ನೂ ಮುಟ್ಟಿರಲಿಲ್ಲ. ಖಾಲಿ ಕಾರಿಗೆ, ಮಂಜು ಕವಿದ ಗಾಜಿಗೆ ಹೇಳಿದ್ದಳು. ಕ್ಯಾಸೆಟ್ಟು ತಿರುಗುತ್ತಲೇ ಇತ್ತು. ಹಿಂದಕ್ಕೆ ಸುತ್ತಿ ಅಳಿಸುವ ಗುಂಡಿ ಹೆಬ್ಬೆರಳಿನ ಕೆಳಗೇ ಇತ್ತು.

ಫೋನ್ ನಿಂತಿತು. ಉಪ್ಪು ಸಿಕ್ಕಿತೇನೋ. ಮತ್ತೆ ಹೊಡೆದುಕೊಂಡಿತು. ಸಿಕ್ಕಿರಲಿಲ್ಲ.

ಸರಳಾ ಹೆಬ್ಬೆರಳು ತೆಗೆದಳು. ಫೋನಿನ ದನಿಗಿಂತ ಎರಡು ಪಟ್ಟು ಜೋರಾಗಿ, ಕ್ಲಾಸಿನ ಹಿಂದಿನ ಬೆಂಚಿಗೂ ಕೇಳಿಸುವಂತೆ ಹೇಳಿದಳು:

"ಈಗ ನನ್ನ ಬಾಯಲ್ಲಿ ಕೇಳಿದಿರಲ್ಲ, ಅದೇ. ಮುಂದಿನ ಅಂಶಕ್ಕೆ ಹೋಗೋಣ."