ಟೇಪಿನ ಹಿಂಬದಿಯ ಇಪ್ಪತ್ತು ಪದ

ಮೂರನೇ ತರಗತಿಯ ಮಗಳು ಬೆಳಿಗ್ಗೆ ಚೀಲದಿಂದ ಚೀಟಿ ತೆಗೆದು ಕೊಟ್ಟಾಗ, ಪ್ರವಾಸದ ಒಪ್ಪಿಗೆ ಪತ್ರವಿರಬೇಕೆಂದು ದರ್ಜಿ ಸಹಿ ಹಾಕಲು ಹೊರಟ. ಓದಿದ ಮೇಲೆ ಪೆನ್ನು ಕೈಯಿಂದ ಜಾರಿತು.

"ಏನೇ ಇದು! ಪರೀಕ್ಷೆ ನನಗಾ?"

"ಹೂಂ ಅಪ್ಪ, ನಮ್ಮ ಕ್ಲಾಸಿನ ಎಲ್ಲಾ ಅಪ್ಪಂದಿರಿಗೂ. ಮನೇಲಿ ಯಾರೂ ಇಂಗ್ಲಿಷ್ ಹೇಳಿಕೊಡಲ್ಲ ಅಂತ ಹೆಡ್ ಮೇಡಂಗೆ ಸಿಟ್ಟು ಬಂದಿದೆ. ಇವತ್ತು ನಾಲ್ಕು ಗಂಟೆಗೆ. ಪದದ ಕೊನೆಗೆ ಫುಲ್, ಲೆಸ್, ನೆಸ್ ಅಂತ ಬಾಲ ಸೇರಿಸೋದು. ಅಂಗಿಗೆ ತೋಳು ಹೊಲಿಯಲ್ವಾ, ಹಾಗೆ. ನನ್ನ ಹಾಳೆಯಲ್ಲಿರೋ ಇಪ್ಪತ್ತು ಪದಾನೇ ಬರೋದು."

ಹತ್ತಕ್ಕಿಂತ ಕಡಿಮೆ ಬಂದವರು ನಾಲ್ಕು ಶನಿವಾರ ಮಕ್ಕಳ ಬೆಂಚಿನ ಮೇಲೆ ಕೂತು ಕಲಿಯಬೇಕಂತೆ. ಗಿರಾಕಿಗಳು ಬಟ್ಟೆ ಒಯ್ಯಲು ಬರುವುದೇ ಶನಿವಾರ. ಅಂದು ಅಂಗಡಿ ಮುಚ್ಚಿದರೆ ಅಷ್ಟೂ ಜನ ಎದುರುಗಡೆಯ ಹೊಸ ದರ್ಜಿಯ ಪಾಲು!

"ಅದಕ್ಕ್ಯಾಕ್ರೀ ಇಷ್ಟೊಂದು ತಲೆ ಕೆಡಿಸ್ಕೊಳ್ತೀರಿ? ಎಲ್ಲಕ್ಕೂ ಫುಲ್ ಅಂತ ಸೇರಿಸಿ ಎದ್ದು ಬನ್ನಿ," ಎಂದ, ಅಂಗಡಿಗೆ ಬಂದು ಗೋಳು ತೋಡಿಕೊಂಡ ದರ್ಜಿಗೆ ಪಕ್ಕದ ಅಂಗಡಿಯ ಕ್ಷೌರಿಕ. ಅವನ ಮಗನೂ ಅದೇ ತರಗತಿ.

"ಸುಮ್ನಿರಯ್ಯಾ, ಲೆಸ್ಸೇ ಜಾಸ್ತಿ ಬರೋದು," ಎಂದು ಸೈಕಲ್ ರಿಪೇರಿಯವನು ಅಡ್ಡಬಾಯಿ ಹಾಕಿದ. ಅವನೂ ಒಬ್ಬ ಅಪ್ಪ.

ಫುಲ್ಲೋ ಲೆಸ್ಸೋ ಎಂದು ಇಬ್ಬರೂ ಕಿತ್ತಾಡುವುದನ್ನು ಬಾಯಿಬಿಟ್ಟು ಕೇಳುತ್ತಿದ್ದ ದರ್ಜಿಯ ಕತ್ತರಿ ತನ್ನ ಪಾಡಿಗೆ ಓಡಿತು. ನೋಡಿದರೆ ಡಾಕ್ಟರರ ಹೊಸ ಪ್ಯಾಂಟಿನ ಒಂದು ಕಾಲು ಮೊಣಕಾಲಿಗೇ ಮುಗಿದಿತ್ತು! ದರ್ಜಿ ತಲೆ ಮೇಲೆ ಕೈ ಹೊತ್ತು ಕೂತ.

ಆಗಲೇ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪಿನ ಮೇಲೆ ಅವನ ಕಣ್ಣು ಬಿತ್ತು. ಹಿಂಬದಿ ಖಾಲಿ. ಮಗಳ ಹಾಳೆ ನೋಡಿಕೊಂಡು ಇಪ್ಪತ್ತೂ ಪದಗಳನ್ನು ಬಾಲಸಮೇತ ಅದರ ಮೇಲೆ ಬರೆದುಕೊಂಡ.

ನಾಲ್ಕು ಗಂಟೆಗೆ ಶಾಲೆಯ ಪುಟ್ಟ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಜೇಬಿನಿಂದ ಟೇಪನ್ನು ಇಂಚಿಂಚಾಗಿ ಎಳೆದು ಬರೆಯತೊಡಗಿದ. ಹದಿನೇಳನೆಯ ಪದಕ್ಕೆ ಬಂದಾಗ ತಲೆಯ ಮೇಲೇ ಹೆಡ್ ಮೇಡಂ ದನಿ ಕೇಳಿತು.

"ಏನ್ರೀ ಅದು ಟೇಪು?"

ದರ್ಜಿ ಬರಹ ಕೆಳಗಾಗುವಂತೆ ಟೇಪನ್ನು ಮೇಜಿನ ಮೇಲೆ ಚಾಚಿದ. "ಮೇಜು... ಅಳೀತಾ ಇದ್ದೆ ಮೇಡಂ. ಬಟ್ಟೆ ಹೊದಿಸಿದ್ರೆ ಚೆನ್ನಾಗಿರುತ್ತೆ ಅಂತ."

"ಅಯ್ಯೋ, ಎಷ್ಟು ಒಳ್ಳೆ ಮನಸ್ಸು ನಿಮ್ಮದು! ಹಾಗಾದ್ರೆ ಮೂವತ್ತು ಮೇಜಿಗೂ ಹೊಲಿದುಕೊಡಿ."

ದರ್ಜಿ ಹಲ್ಲು ಕಿರಿದ. ಶನಿವಾರ ಉಳಿಯಿತಲ್ಲ, ಸಾಕು. ಮೇಡಂ ಅತ್ತ ಸರಿದೊಡನೆ ಉಳಿದ ಪದಗಳನ್ನೂ ಬರೆದು ಮುಗಿಸಿದ.

ಅಲ್ಲೇ ಫಲಿತಾಂಶವೂ ಬಂತು. ಫುಲ್ಲಿನ ಕ್ಷೌರಿಕನಿಗೆ ಆರು, ಲೆಸ್ಸಿನ ಸೈಕಲ್ಲಿನವನಿಗೆ ಐದು. ಮಿಕ್ಕವರದೂ ಅದೇ ಗತಿ.

"ಇಪ್ಪತ್ತಕ್ಕೆ ಇಪ್ಪತ್ತು ಒಬ್ಬರಿಗೇ!" ಮೇಡಂ ದರ್ಜಿಯ ಕೈ ಹಿಡಿದು ಎಬ್ಬಿಸಿದರು. ಕಿಟಕಿಯಾಚೆ ನಿಂತಿದ್ದ ಮಗಳು ಕುಣಿಕುಣಿದು ಚಪ್ಪಾಳೆ ತಟ್ಟಿದಳು. "ಶನಿವಾರದ ಕ್ಲಾಸಿಗೆ ಮೇಷ್ಟ್ರೇ ಸಿಕ್ಕಿರಲಿಲ್ಲ. ಇನ್ನು ಚಿಂತೆಯಿಲ್ಲ, ನೀವೇ ಪಾಠ ಮಾಡ್ತೀರಿ."

ದರ್ಜಿಗೆ ಗರಬಡಿದಂತಾಯಿತು. ನಿಜ ಹೇಳೋಣವೆಂದು ಬಾಯಿ ತೆರೆದ; ಮಗಳ ಮುಖ ನೋಡಿ ಮುಚ್ಚಿದ.

"ನಾ... ನಾಲ್ಕೇ ಶನಿವಾರ ತಾನೆ ಮೇಡಂ?"

"ನಾಲ್ಕು ಇವರಿಗೆ ಕಣ್ರೀ. ಆಮೇಲೆ ನಾಲ್ಕನೇ ತರಗತಿಯ ಅಪ್ಪಂದಿರು ಬರ್ತಾರೆ, ಆಮೇಲೆ ಐದನೆಯವರು. ನಿಮಗೆ ವರ್ಷಪೂರ್ತಿ!"