ಫಾದರ್‌ಗಳ ಯೂನಿವರ್ಸಿಟಿ ಸೀಟು

ಅರಸೀಕೆರೆಯ ಗುಮಾಸ್ತ ಉಮೇಶನ ಮಗಳು ನಂದಿತಾಗೆ ಮನಶ್ಶಾಸ್ತ್ರ ಓದಲು ಬೆಂಗಳೂರಿನ ಕ್ರೈಸ್ತ ಫಾದರ್‌ಗಳ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಫೀಸೂ ಮಾಫಿ. ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಖುಷಿ ತಡೆಯಲಾರದೆ ಉಮೇಶ ಹಾಲಿನ ಅಂಗಡಿಯಲ್ಲಿ ಬಾಯಿಬಿಟ್ಟ. ಅದೇ ತಪ್ಪಾಯಿತು.

ಅವನು ಹಾಲು ತರುವಷ್ಟರಲ್ಲಿ ಮನೆ ಮಾಲೀಕ ಸಿದ್ದಬಸಪ್ಪನವರೂ ಎದುರುಮನೆಯ ಜಾನಕಮ್ಮನೂ ಸಾವಿನ ಮನೆಗೆ ಬಂದವರಂತೆ ಜಗಲಿಯಲ್ಲಿ ಕೂತಿದ್ದರು.

"ಜಾತಿ ಕೆಡಿಸ್ತಾರೆ ಕಣಪ್ಪ," ಎಂದರು ಜಾನಕಮ್ಮ. ಅವರು ಒಂದು ದಿನವೂ ಉಮೇಶನ ಮನೆಯ ನೀರು ಮುಟ್ಟಿದವರಲ್ಲ.

"ನಾವು ಬೌದ್ಧರು ಕಣಮ್ಮ. ನಮ್ಮಪ್ಪನ ಕಾಲಕ್ಕೇ ಜಾತಿ ಬಿಟ್ಟಾಯ್ತು."

"ಬುದ್ಧ ನಮ್ಮೋನೇ ಬಿಡಿ, ಏಸು ಹಂಗಲ್ಲ," ಎಂದರು ಸಿದ್ದಬಸಪ್ಪ. "ಅಂಥಾದ್ದೇನು ಕೊಡ್ತಾರೆ ಅಲ್ಲಿ?"

ನಂದಿತಾ ಬಾಗಿಲಿಗೆ ಬಂದಳು. "ಒಳ್ಳೆ ಲೈಬ್ರರಿ ಇದೆ, ಹಾಸ್ಟೆಲ್ ಇದೆ. ಮನಸ್ಸಿಗೆ ಬೇಜಾರಾದ್ರೆ ಕೂತು ಕೇಳೋಕೆ ಜನ ಇದಾರೆ. ಪ್ರಾರ್ಥನೆ ಬೇಕಾದೋರಿಗೆ ಮಾತ್ರ."

"ಬೇಜಾರಾದ್ರೆ ಕೇಳಕ್ಕೆ ನಾವಿಲ್ವೇನವ್ವ?" ಜಾನಕಮ್ಮ ನೊಂದುಕೊಂಡರು.

ಉಮೇಶನ ಬೆನ್ನುಮೂಳೆ ಸಾರಿಗೆ ಬಿದ್ದ ರೊಟ್ಟಿಯಂತಾಯಿತು. "ಯೋಚನೆ ಮಾಡ್ತೀನಿ," ಎಂದ. ನಂದಿತಾ ಒಳಗೆ ಹೋದಳು.

ಆಫೀಸಿನಲ್ಲೂ ಅದೇ. "ಏನ್ಲಾ, ಮಗಳಿಗಿನ್ನು ಮೇರಿ ಅಂತ ಹೆಸರಾ?" ಎಂದು ಪಕ್ಕದ ಮೇಜಿನ ರಘು ನಕ್ಕ. ಊಟದ ಹೊತ್ತಿಗೆ ಸಿದ್ದಬಸಪ್ಪನವರ ಫೋನ್ ಬಂತು.

"ಮಗೂನ ಅಲ್ಲಿಗೆ ಕಳಿಸೋದಾದ್ರೆ ಮನೆ ಖಾಲಿ ಮಾಡ್ಬಿಡಿ. ಬೀದಿ ಜನಕ್ಕೆ ನಾನು ಉತ್ರ ಕೊಡಕ್ಕಾಗಲ್ಲ."

ಈ ಮನೆ ಸಿಗುವ ಮೊದಲು ಊರು ಕೇಳಿ, ಕೇರಿ ಕೇಳಿ ಬಾಗಿಲು ಹಾಕಿಕೊಂಡವರೆಲ್ಲ ಉಮೇಶನಿಗೆ ನೆನಪಾದರು.

"ಮಾಡ್ತೀನಿ ಕಣ್ರೀ," ಎಂದ. "ನನ್ನ ಮಗಳು ಹೋಗೇ ಹೋಗ್ತಾಳೆ."

ಇಡೀ ಆಫೀಸು ತಿರುಗಿ ನೋಡಿತು. ರಜೆ ಹಾಕಿ, ಮೈಸೂರುಪಾಕು ಕಟ್ಟಿಸಿಕೊಂಡು, ಮದುವೆ ಗಂಡಿನಂತೆ ಆಟೋದಲ್ಲಿ ಬಂದಿಳಿದ.

"ಒಪ್ಪಿಗೆ ಕಳಿಸು ಮಗಳೇ. ಮನೆ ಬಿಡ್ತೀನಿ ಅಂತಾನೂ ಹೇಳ್ಬಿಟ್ಟೆ."

ನಂದಿತಾ ಅವನನ್ನೇ ನೋಡಿದಳು. "ಸೀಟು ಬೇಡ ಅಂತ ಬೆಳಿಗ್ಗೇನೇ ಫೋನ್ ಮಾಡ್ಬಿಟ್ಟೆ ಅಪ್ಪ. ಆ ಮಾತು ನಿಮ್ಮ ಬಾಯಲ್ಲಿ ಬರೋದು ಬೇಡ ಅಂತ."

ಉಮೇಶ ತಾನೇ ಫೋನ್ ಮಾಡಿದ. ಆ ಕಡೆಯ ಫಾದರ್ ಬಹಳ ಮೆತ್ತಗೆ, ಸೀಟು ಬೇರೆ ಹುಡುಗಿಗೆ ಹೋಗಿದೆ ಎಂದರು.

ಹೊರಗೆ ಸಿದ್ದಬಸಪ್ಪನವರು 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆಯನ್ನು ಗೇಟಿಗೆ ಕಟ್ಟುತ್ತಿದ್ದರು.

"ನಂದಿತಾ, ಒಂದು ತುಂಡು ದಾರ ಇದ್ರೆ ಕೊಡವ್ವ," ಎಂದು ಕೂಗಿದರು.

ಅವಳು ಎದ್ದು ಹುಡುಕತೊಡಗಿದಳು.