ನ್ಯೂಟ್ರಲ್ ವಿಚಾರವಾಗಿ ಹೊಸ ಲಾರಿಯವರ ಸನ್ನಿಧಿಗೆ

ಇಂದ:
ಬೋರಣ್ಣ, ಲಾರಿ ಡ್ರೈವರ್ (ಸೇವೆ ಇಪ್ಪತ್ತಾರು ವರ್ಷ, ಎಲ್ಲವೂ ಕ್ಲಚ್ ಇದ್ದ ಗಾಡಿಗಳಲ್ಲಿ),
ಕೊಂಡ್ಲಹಳ್ಳಿ, ಮೊಳಕಾಲ್ಮುರು ತಾಲ್ಲೂಕು.

ಗೆ:
ಆಟೋಮ್ಯಾಟಿಕ್ ಗೇರಿನ ಹೊಸ ಲಾರಿಯವರು,
ಮುರುಗೇಂದ್ರಪ್ಪನವರ ಈರುಳ್ಳಿ ಮಂಡಿ, ಚಳ್ಳಕೆರೆ.

ವಿಷಯ: ಅರ್ಜಿದಾರನ ಡ್ರೈವಿಂಗಿಗೆ ತಾವು ದಯಪಾಲಿಸಿರುವ ನೂರಕ್ಕೆ ಮೂವತ್ತೆಂಟು ಅಂಕಗಳ ಮರುಪರಿಶೀಲನೆ ಕುರಿತು.

ಉಲ್ಲೇಖ: ಮಾಲೀಕರ ಮೌಖಿಕ ಆದೇಶ: “ನನ್ನ ಯಾಕೆ ಕೇಳ್ತೀಯಲೇ ಬೋರ, ಗಾಡಿನೇ ಕೇಳು.”

ಮಾನ್ಯರೇ,

ಅರ್ಜಿದಾರ ಬೋರಣ್ಣನು ಈ ಅರ್ಜಿಯನ್ನು ಮಾಲೀಕ ಮುರುಗೇಂದ್ರಪ್ಪನವರಿಗೇ ಕೊಡುವವನಿದ್ದನು. ಆದರೆ ತಾವು ಬಂದ ದಿನದಿಂದ ಅವರು ಮೊಬೈಲ್ ನೋಡಿ ಮಾತಾಡುತ್ತಾರೆಯೇ ಹೊರತು ಮನುಷ್ಯರ ಮುಖ ನೋಡಿ ಅಲ್ಲವಾದ ಕಾರಣ, ಹಾಗೂ ಡ್ರೈವರ್ ಹೇಗೆ ಓಡಿಸಿದನೆಂದು ಅಂಕ ಹಾಕಿ ಆ ಮೊಬೈಲಿಗೆ ಚಾಡಿ ಹೇಳುವವರು ತಾವೇ ಆದ ಕಾರಣ, ನೇರವಾಗಿ ತಮಗೇ ಬರೆಯಲಾಗಿದೆ. ಈ ತಿಂಗಳೂ ಅರವತ್ತು ದಾಟದಿದ್ದರೆ ಬೋರಣ್ಣನ ಸೀಟು ಮಾರುತೇಶನ ಪಾಲು. ಸದರಿ ಮಾರುತೇಶನು ಮೊನ್ನೆಯವರೆಗೆ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದವನು. ಈಗಲೂ ರಿವರ್ಸ್ ತೆಗೆಯುವಾಗ ನಾಲಿಗೆ ಹೊರಗೆ ಹಾಕುತ್ತಾನೆ.

೧. ತಮ್ಮ ಯೋಗ್ಯತೆ ಕುರಿತು: ತಮಗೆ ಡೀಸೆಲ್ ಸಾಲದೆಂದು ಹೊಗೆ ತೊಳೆಯಲು ಯೂರಿಯಾ ನೀರೂ ಬೇಕು. ನಮ್ಮ ಕಡೆ ಯೂರಿಯಾವನ್ನು ಹೊಲಕ್ಕೆ ಹಾಕುತ್ತಾರೆ. ಹಳೇ ಲಾರಿಯ ಟ್ಯಾಂಕು ಸೋರಿದರೆ ಬೋರಣ್ಣನು ಬಟ್ಟೆ ಸೋಪು ಮೆತ್ತಿ ಮಂಗಳೂರು ಮುಟ್ಟುತ್ತಿದ್ದನು. ತಾವೋ ಒಂದು ಸೆನ್ಸರ್ ಕೆಟ್ಟರೆ ದಾವಣಗೆರೆಯಿಂದ ಲ್ಯಾಪ್‌ಟಾಪ್ ಹಿಡಿದು ಯಾರಾದರೂ ಬರುವ ತನಕ ರಸ್ತೆ ಪಕ್ಕದಲ್ಲಿ ಮುನಿಸಿಕೊಂಡು ನಿಲ್ಲುತ್ತೀರಿ. ಇಷ್ಟಾದರೂ ತಮ್ಮ ಖರ್ಚು ಕಡಿಮೆಯಂತೆ!

೨. ಕಳೆದ ತಿಂಗಳು ಇಳಿಜಾರಿನಲ್ಲಿ ನಲವತ್ತೊಂದು ಸಲ ನ್ಯೂಟ್ರಲ್ ಮಾಡಿದನೆಂದು ಅಂಕ ಕಡಿದಿದ್ದೀರಿ. ಇಳಿಜಾರು ಬಂದ ಕೂಡಲೇ ಗೇರು ತಪ್ಪಿಸಿ, ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಟ್ಟು ಡೀಸೆಲ್ ಉಳಿಸುವುದು ಈ ಸೀಮೆಯ ಎಷ್ಟೋ ಡ್ರೈವರುಗಳಿಗೆ ಬೋರಣ್ಣನೇ ಕಲಿಸಿದ ವಿದ್ಯೆ. ತಂಗಿ ಕ್ಯಾತಮ್ಮನ ಗಂಡ ಅಂಜಿನೇಯನೂ ಅವನಿಂದಲೇ ಕಲಿತನು. ಕಲಿಸಿದ ಮೇಷ್ಟ್ರನ್ನೇ ಫೇಲು ಮಾಡುವುದು ಯಾವ ಊರಿನ ನ್ಯಾಯ?

೩. ಸೋಮವಾರ ಬೆಳಿಗ್ಗೆ ಚಳ್ಳಕೆರೆ ಬೈಪಾಸಿನಲ್ಲಿ, ಇದೇ ಕ್ಯಾತಮ್ಮನ ಚಾ ಹೋಟೆಲಿನಲ್ಲಿ, ತಮ್ಮ ಬಗ್ಗೆ ಚರ್ಚೆ ನಡೆಯಿತು.

“ಕ್ಲಚ್ ಇಲ್ದಿರೋದು ಓಡ್ಸೋದೂ ಒಂದು ಡ್ರೈವಿಂಗಾ? ಕಾಲು ಮಡಚ್ಕೊಂಡು ಕೂತ್ಕಳೋದಾದ್ರೆ ಮನೇಲೇ ಕೂತ್ಕಂತೀನಿ” ಎಂದನು ಬೋರಣ್ಣ.

“ಮತ್ತೆ ಮೊಣಕಾಲು ನೋವು ಅಂತ ದಿನಾ ಎಣ್ಣೆ ತಿಕ್ಕಂತಿದ್ಯಲ್ಲಣ್ಣಾ?” ಎಂದನು ಮಾರುತೇಶ.

ಅಷ್ಟರಲ್ಲಿ ಮಾಲೀಕರು ಮೊಬೈಲ್ ತೆಗೆದು, ಅದಕ್ಕೆ ತಾವು ಕಳಿಸಿದ್ದ ಉಪದೇಶವನ್ನು ಓದಿ ಹೇಳಿದರು: “ಗೇರಲ್ಲೇ ಇಳಿದ್ರೆ ಡೀಸೆಲ್ ಒಂದು ಹನಿನೂ ಹೋಗಲ್ಲಂತೆ. ನ್ಯೂಟ್ರಲ್ ಮಾಡಿದ್ರೆ ಡೀಸೆಲ್ಲೂ ಹೋಗ್ತೈತೆ, ಇಂಜಿನ್ ಹಿಡಿತಾನೂ ಹೋಗ್ತೈತೆ. ಭಾರ ಎಲ್ಲಾ ಬ್ರೇಕ್ ಮ್ಯಾಲೆ ಬಿದ್ದು, ಕಾದು, ಹಿಡಿಯೋದೇ ಇಲ್ಲಂತೆ ಕಣ್ರಲೇ.”

ಎಲ್ಲರೂ ನಕ್ಕರು. ಕ್ಯಾತಮ್ಮ ನಗಲಿಲ್ಲ.

೪. ಆರು ವರ್ಷದ ಕೆಳಗೆ ಅಂಜಿನೇಯನು ಈರುಳ್ಳಿ ಲೋಡಿನೊಂದಿಗೆ ಮಂಗಳೂರು ದಾರಿಯ ಘಾಟಿ ಇಳಿಯುವಾಗ ಬ್ರೇಕ್ ಹಿಡಿಯದೆ ತೀರಿಕೊಂಡನು. ಅಂದು ಬೋರಣ್ಣನು ಬ್ರೇಕ್ ಕೆಲಸ ಮಾಡಿದ್ದ ಮೆಕ್ಯಾನಿಕ್‌ನ ಕೊರಳಪಟ್ಟಿ ಹಿಡಿದು, ಕೊಲೆಗಾರ ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದನು.

ಸೋಮವಾರ ಮಾಲೀಕರು ಓದಿದ್ದನ್ನು ಕೇಳಿ ಕ್ಯಾತಮ್ಮ ಚಾ ಸೋಸುವುದನ್ನು ನಿಲ್ಲಿಸಿ ಕೇಳಿದಳು: “ಅಣ್ಣಾ, ಇಳಿಜಾರಲ್ಲಿ ನ್ಯೂಟ್ರಲ್ ಮಾಡು ಅಂತ ನಮ್ಮನೆಯವ್ರಿಗೆ ಹೇಳ್ಕೊಟ್ಟಿದ್ದು ನೀನೇ ಅಲ್ಲೇನು?”

ಬೋರಣ್ಣನು ಚಾಕ್ಕೆ ಸಕ್ಕರೆ ಕಡಿಮೆ ಎಂದು ಹೇಳಿ ಎದ್ದು ಹೋದನು.

೫. ತಮ್ಮನ್ನು ಸುಳ್ಳುಗಾರರೆಂದು ಸಾಬೀತು ಮಾಡುವ ಏಕೈಕ ಉದ್ದೇಶದಿಂದ ಬೋರಣ್ಣನು ಮರುದಿನ ಅದೇ ಘಾಟಿಯನ್ನು ತುಂಬಿದ ಲೋಡಿನಲ್ಲಿ, ಗೇರು ತಪ್ಪಿಸದೆ ಇಳಿದನು. ತಾವು ಗುರುಗುಟ್ಟುತ್ತಾ ತಮ್ಮನ್ನು ತಾವೇ ಹಿಡಿದುಕೊಂಡು ಇಳಿದಿರಿ. ಬ್ರೇಕನ್ನು ಮೂರೇ ಸಲ ತುಳಿಯಬೇಕಾಯಿತು. ಹಳೇ ಲಾರಿಯನ್ನೂ ಗೇರಿನಲ್ಲೇ ಇಳಿಸಬಹುದಿತ್ತು, ಅಂಜಿನೇಯ ಬದುಕುತ್ತಿದ್ದ ಎಂಬುದು ಆಗ ಬೋರಣ್ಣನಿಗೆ ಖಚಿತವಾಯಿತು. ಘಾಟಿಯ ಬುಡದಲ್ಲಿ ನಿಲ್ಲಿಸಿ ಅವನು ಅತ್ತನು. ಅದಕ್ಕೂ ತಾವು ಅಂಕ ಕಡಿದಿರಿ: ‘ಕಾರಣವಿಲ್ಲದೆ ಇಂಜಿನ್ ಚಾಲೂ, ಹದಿನೆಂಟು ನಿಮಿಷ.’

ಆದ್ದರಿಂದ ಅಂಕಗಳ ಮರುಪರಿಶೀಲನೆಯ ಕೋರಿಕೆಯನ್ನು ಅರ್ಜಿದಾರನು ಹಿಂಪಡೆಯುತ್ತಾನೆ. ಸೀಟನ್ನು ಮಾರುತೇಶನಿಗೇ ಕೊಡಬಹುದು. ಅವನಿಗೆ ಬೋರಣ್ಣನು ಏನನ್ನೂ ಕಲಿಸಿಲ್ಲ. ಅದೊಂದೇ ಅವನ ಅರ್ಹತೆ, ಅದು ಸಾಕು.

ತಮ್ಮನ್ನು ಕಂಡರೆ ಈಗಲೂ ಆಗದ,
ಆದರೂ ತಮ್ಮ ವಿಶ್ವಾಸಿ,
ಬೋರಣ್ಣ

ಲಗತ್ತುಗಳು:
೧. ಮೂವತ್ತೆಂಟು ಅಂಕದ ಸ್ಕ್ರೀನ್‌ಶಾಟ್.
೨. ಅಂಜಿನೇಯನ ಲೈಸೆನ್ಸಿನ ನಕಲು (ಮಾಡಿಸಿಕೊಟ್ಟವನು ಅರ್ಜಿದಾರನೇ).

ವಿಶೇಷ ಕೋರಿಕೆ: ಗುರುವಾರ ಬೋರಣ್ಣನು ಲೋಡಿನ ಸಮೇತ ಕ್ಯಾತಮ್ಮನ ಹೋಟೆಲಿನ ಮುಂದೆ ತಮ್ಮನ್ನು ನಿಲ್ಲಿಸಿ ಒಳಗೆ ಹೋಗುವವನಿದ್ದಾನೆ. ಅವಳು ಕೇಳಿದ್ದಕ್ಕೆ ಉತ್ತರ ಹೇಳಿ ಮುಗಿಸಲು ಎಷ್ಟು ಹೊತ್ತಾಗುವುದೋ ತಿಳಿಯದು. ಆ ನಿಲುಗಡೆಯನ್ನು ‘ಕಾರಣವಿಲ್ಲದೆ’ ಎಂದು ಮಾತ್ರ ದಾಖಲಿಸಬಾರದಾಗಿ ಪ್ರಾರ್ಥನೆ.